ಕಿಟಕಿಯಿಂದ ಬರುವ ಅಪ್ಪ

ಊರಿಗೆಲ್ಲ ಅವನು ಹಲ್ಲಿ. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಎತ್ತರದ ಕಟ್ಟಡಗಳ ಹೊರಮೈ ಗಾಜು ತೊಳೆಯುವುದು ಅವನ ಕಸುಬು. ಛಾವಣಿಯಿಂದ ಎರಡು ತಂತಿಹಗ್ಗಗಳ ಮೇಲೆ ಇಳಿಬಿಟ್ಟ ಉದ್ದನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ನಿಂತು, ಒಂದು ಗುಂಡಿ ಒತ್ತಿದರೆ ಮೇಲೆ, ಇನ್ನೊಂದು ಒತ್ತಿದರೆ ಕೆಳಗೆ, ಹೀಗೆ ಗೋಡೆಗೆ ಅಂಟಿಕೊಂಡೇ ಅರ್ಧ ಆಯುಸ್ಸು ಸವೆಸಿದ್ದ. ಆ ಪೆಟ್ಟಿಗೆಗೆ ಕೆಲಸದವರು ತೊಟ್ಟಿಲು ಅನ್ನುತ್ತಿದ್ದರು. ಹೊಸದಾಗಿ ಸೇರಿದವರು ಅದರೊಳಗೆ ಕಣ್ಣು ಮುಚ್ಚಿ ನಿಂತರೆ, "ಜೋಗುಳ ಹಾಡಬೇಕೇನಪ್ಪಾ?" ಅಂತ ಕೇಳುವುದು ಅವನ ಖಾಯಂ ತಮಾಷೆ. ಹಲ್ಲಿ ಎಲ್ಲಾದರೂ ಗೋಡೆಯಿಂದ ಬಿದ್ದದ್ದುಂಟಾ ಅಂತ ಹೆಂಡತಿಯ ಹತ್ತಿರ ಜಂಬ ಕೊಚ್ಚಿದರೆ, ಯಾಕಿಲ್ಲ, ಹಾಲಿನ ಪಾತ್ರೆಗೇ ಬೀಳತ್ತೆ ಅಂತ ಅವಳು ಮುಖ ತಿರುಗಿಸುತ್ತಿದ್ದಳು.

ಅವನನ್ನು ಊರಿಗೇ ಪರಿಚಯ ಮಾಡಿಸಿದ್ದು ಮಗಳು. ಅವಳು ಪತ್ರಿಕೆಯೊಂದರಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದಳು. ವಾರಕ್ಕೊಮ್ಮೆ ಬರುವ ಅವಳ ನಾಲ್ಕು ಚೌಕದ ಚಿತ್ರಕಥೆಯ ನಾಯಕಿ ಒಬ್ಬಳು ಪುಟ್ಟ ಹುಡುಗಿ, ಹೆಸರು ಗುಂಡುಸೂಜಿ. ಕಥೆಯೆಲ್ಲ ಗುಂಡುಸೂಜಿಯದೇ. ಅಪ್ಪ ಅಮ್ಮ ಪಕ್ಕದ ಪಾತ್ರಗಳು. ಮದುವೆ ಮನೆಯಲ್ಲಿ ಬಡಿಸುವವರ ಹಾಗೆ, ಬೇಕಾದಾಗ ಬಂದು ಹೋಗುವವರು. ಅಮ್ಮ ಬಾಗಿಲಲ್ಲಿ ನಿಂತು ತಲೆಯ ಮೇಲೆ ಕೈ ಹೊತ್ತುಕೊಂಡು, ಮಳೆ ಬರತ್ತೆ, ನಾಯಿ ಬರತ್ತೆ, ಜ್ವರ ಬರತ್ತೆ ಅಂತ ಹೆದರುವವಳು. ಅಪ್ಪ ಬರುವುದು ಕೊನೆಯ ಚೌಕದಲ್ಲಿ, ಅದೂ ಕಿಟಕಿಯಿಂದ, ಕೈಯಲ್ಲಿ ಬಕೆಟ್ಟು ಹಿಡಿದು. ಬಂದ ಅಂದರೆ ಕಷ್ಟ ಮುಗಿಯಿತು. ಒಂದು ವಾರ ಅವನು ಗಡಿಯಾರ ಗೋಪುರದ ಮುಳ್ಳಿಗೆ ಜೋತುಬಿದ್ದು, ಮಗಳ ಮನೆಪಾಠ ಮುಗಿಯುವ ತನಕ ಹೊತ್ತನ್ನೇ ನಿಲ್ಲಿಸಿದ್ದ. ಬೀದಿಯ ಮಕ್ಕಳು ಅವನ ಅಂಗಿ ಹಿಡಿದು, ನಿಜವಾಗಲೂ ಮಾಡಿದ್ರಾ ಅಂತ ಕೇಳಿದಾಗ ಹೌದು ಅಂದುಬಿಟ್ಟಿದ್ದ. ಇಲ್ಲ ಅನ್ನಲು ಅವನಿಗೆ ಕಾರಣವೇ ಇರಲಿಲ್ಲ, ಆಗ.

ಚಿಕ್ಕವಳಿದ್ದಾಗ ಮಗಳು ಪುಕ್ಕಲಿ. ನೆರಳಿಗೆ ಹೆದರುತ್ತಿದ್ದಳು, ನಲ್ಲಿಯ ಸದ್ದಿಗೆ ಹೆದರುತ್ತಿದ್ದಳು. ಅವನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಮನೆಯಿದ್ದ ಕಟ್ಟಡದ ಛಾವಣಿಗೆ ಹೋಗಿ ಊರು ತೋರಿಸಿ, "ನಾನಿರುವಾಗ ಭಯ ಯಾಕೆ" ಅನ್ನುತ್ತಿದ್ದ. ಆ ಮಾತೇ ಬೆಳೆದು ಕಾಗದದ ಮೇಲೆ ಬಕೆಟ್ಟು ಹಿಡಿದು ನಿಂತಿತ್ತು ಅಂದರೂ ಸರಿ.

ಹೀಗಿರುವಾಗ ಒಂದು ಬೆಳಿಗ್ಗೆ ತೊಟ್ಟಿಲು ವಾಲಿತು. ಜೊತೆಗಿದ್ದವನು ಗಿಡ್ಡ, ಬಹಳ ವರ್ಷಗಳ ಜೋಡಿ, ಯಂತ್ರದ ಉಸ್ತುವಾರಿ ಅವನದೇ. ಇಳಿಯುತ್ತಿದ್ದಾಗ ಒಂದು ಕಡೆಯ ಹಗ್ಗ ಎಲ್ಲೋ ಸಿಕ್ಕಿಕೊಂಡಿತು, ಇನ್ನೊಂದು ಕಡೆಯದು ಇಳಿಯುತ್ತಲೇ ಹೋಯಿತು. ಕಾಲ ಕೆಳಗಿನ ತಗಡು ಜಾರುಬಂಡೆಯಾಯಿತು. ಬ್ರಷ್ಷು, ಸಾಬೂನು, ಗಿಡ್ಡನ ತಿಂಡಿ ಡಬ್ಬಿ ಒಂದರ ಹಿಂದೊಂದು ಜಾರಿ ಮೂಲೆ ಸೇರಿದವು. ಬಕೆಟ್ಟು ಮಾತ್ರ ಕಂಬಿ ದಾಟಿತು. ಹಲ್ಲಿ ಹಗ್ಗಕ್ಕೆ ಕೊಕ್ಕೆ ಹಾಕಿದ್ದ ಸೊಂಟದ ಪಟ್ಟಿಯಲ್ಲಿ ನೇತಾಡುತ್ತ ಅದು ಹೋಗುವುದನ್ನು ನೋಡಿದ. ತಿರುಗುತ್ತ, ನೀರು ಚೆಲ್ಲುತ್ತ, ಚಿಕ್ಕದಾಗುತ್ತ ಹೋಯಿತು. ಎಷ್ಟು ಹೊತ್ತಾದರೂ ಸದ್ದೇ ಬರಲಿಲ್ಲ. ಆಮೇಲೆ ಬಂತು.

ಗಿಡ್ಡ ತಟಕ್ಕನೆ ಯಂತ್ರ ನಿಲ್ಲಿಸಿ, ಮೇಲಿನವರನ್ನು ಕೂಗಿ, ಹೇಗೋ ತೊಟ್ಟಿಲನ್ನು ಸರಿಮಾಡಿದ. ಕೆಳಗೆ ಯಾರೂ ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಇಬ್ಬರೂ ಇಳಿದು ಟೀ ಕುಡಿದು, ಚಪ್ಪಟೆಯಾದ ಬಕೆಟ್ಟನ್ನು ಕಾಲಲ್ಲಿ ಒದ್ದು, ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಮಧ್ಯಾಹ್ನ ಮತ್ತೆ ಮೇಲೆ ಹೋಗಿ ಉಳಿದ ಗಾಜು ತೊಳೆದರು. ಮನೆಯಲ್ಲಿ ಹೇಳುವಂಥ ಸಂಗತಿ ಅಂತ ಅವನಿಗೆ ಅನಿಸಲಿಲ್ಲ.

ಭಯ ಬಂದದ್ದು ಆಮೇಲೆ, ಬರಬೇಕಾದ ಜಾಗ ಬಿಟ್ಟು ಬೇರೆಲ್ಲೋ. ಕೆಲಸ ಮುಗಿಸಿ ಬರುವಾಗ ದೊಡ್ಡ ರಸ್ತೆ ದಾಟಲು ಒಂದು ಮೇಲ್ಸೇತುವೆ ಇತ್ತು. ಮುದುಕಿಯರು ತರಕಾರಿ ಚೀಲ ಹೊತ್ತು ದಾಟುವಂಥದ್ದು. ಅವತ್ತು ಸಂಜೆ ಅದರ ನಡುಮಧ್ಯದಲ್ಲಿ ಅವನ ಅಂಗೈ ಒದ್ದೆಯಾಯಿತು. ಕೆಳಗೆ ಬಸ್ಸು ಹೋದಾಗ ಸೇತುವೆ ಸಣ್ಣಗೆ ಅದುರಿತು, ಆ ಅದುರು ಪಾದದಿಂದ ಹತ್ತಿ ದವಡೆಗೆ ಬಂತು. ಹಿಂದೆ ಬರುತ್ತಿದ್ದವರು ನಡೀರಿ ಸ್ವಾಮಿ ಅಂತ ಗದರಿದರೂ ನಡೆಯಲು ಆಗಲಿಲ್ಲ. ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿ, ಕಣ್ಣನ್ನು ತನ್ನ ಬೂಟಿನ ಮೇಲಿಟ್ಟು, ಒಂದೊಂದೇ ಹೆಜ್ಜೆ ಅಡ್ಡಡ್ಡ ಇಟ್ಟು ಆಚೆ ಸೇರಿದ. ಅಂಗಿ ಬೆನ್ನಿಗೆ ಅಂಟಿತ್ತು. ಹೊಟ್ಟೆ ಕೆಟ್ಟಿರಬೇಕು ಅಂದುಕೊಂಡ.

ಹೊಟ್ಟೆ ಕೆಟ್ಟಿರಲಿಲ್ಲ. ಮರುದಿನ ತೊಟ್ಟಿಲಿಗೆ ಕಾಲಿಡುವಾಗ ಅದೇ ಆಯಿತು. ಗಿಡ್ಡನಿಗೆ ಮಂಡಿನೋವು ಅಂತ ಸುಳ್ಳು ಹೇಳಿದ. ಗಿಡ್ಡ ಪಾಪ, ಎಣ್ಣೆ ಹಚ್ಚಿಸಿಕೊಳ್ಳಣ್ಣ ಅಂದು ಬೇರೆಯವನನ್ನು ಕರೆದುಕೊಂಡು ಹೋದ. ಅಂದಿನಿಂದ ಹಲ್ಲಿ ಕೆಳಗೇ ನಿಂತು, ಓಡಾಡುವವರು ಹತ್ತಿರ ಬರದ ಹಾಗೆ ಹಗ್ಗ ಕಟ್ಟಿ ಕಾಯುವ ಕೆಲಸ ನೋಡಿಕೊಂಡ. ಮೇಲೆ ನೋಡುವುದನ್ನೂ ಬಿಟ್ಟ. ನೋಡಿದರೆ ಕಟ್ಟಡ ತನ್ನ ಮೇಲೇ ಬಾಗಿದ ಹಾಗೆ ಕಾಣುತ್ತಿತ್ತು. ಮೇಲ್ಸೇತುವೆ ಬಿಟ್ಟು ಬಸ್ಸುಗಳ ಮಧ್ಯೆ ನುಗ್ಗಿ ರಸ್ತೆ ದಾಟುತ್ತಿದ್ದ. ಚಾಲಕರು ಬೈಯುತ್ತಿದ್ದರು. ಬೈಗುಳ ಎಷ್ಟೋ ವಾಸಿ ಅನಿಸುತ್ತಿತ್ತು.

ಎಲ್ಲಕ್ಕಿಂತ ಅವನನ್ನು ಹೆದರಿಸಿದ್ದು, ಯಾರಿಗಾದರೂ ಗೊತ್ತಾದರೆ ಅನ್ನುವುದು. ಪತ್ರಿಕೆ ಬಂದ ದಿನ ಬೀದಿಯವರು ಗುಂಡುಸೂಜಿಯನ್ನು ಓದಿ, ಕಿಟಕಿಯಿಂದ ಬರುವ ಅಪ್ಪನನ್ನು ನೋಡಿ, ಇವನ ಬೆನ್ನು ತಟ್ಟುತ್ತಿದ್ದರು. ತಟ್ಟಿದಾಗೆಲ್ಲ ಒಳಗೆ ಏನೋ ಜಾರುತ್ತಿತ್ತು.

ಹೆಂಡತಿಗೆ ಗೊತ್ತಾಯಿತು. ಅವಳು ಬಟ್ಟೆ ತೊಳೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಉದ್ದವಾದದ್ದನ್ನು ಮೊಟಕು ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು. ಒಂದು ಸಂಜೆ ಬರುವಾಗ ಅವಳ ಕಣ್ಣಿಗೆ ಗಂಡ ಬಿದ್ದ. ಮೇಲ್ಸೇತುವೆಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ, ತೆಗೆದ. ಮತ್ತೆ ಇಟ್ಟ, ತೆಗೆದ. ಅವಳು ಕೂಗಲಿಲ್ಲ. ಮನೆಗೆ ಬಂದು ಅಡುಗೆಗೆ ಇಟ್ಟು, ಅವನೂ ಬಂದು ಕೈಕಾಲು ತೊಳೆದ ಮೇಲೆ ಕೇಳಿದಳು.

"ಯಾವತ್ತಿಂದ ಹೀಗೆ?"

ಅವನಿಗೆ ಬಚ್ಚಿಡುವ ಶಕ್ತಿ ಇರಲಿಲ್ಲ. ತೊಟ್ಟಿಲು ವಾಲಿದ್ದು, ಬಕೆಟ್ಟು ಬಿದ್ದದ್ದು, ಸದ್ದು ತಡವಾಗಿ ಬಂದದ್ದು, ಎಲ್ಲ ಹೇಳಿದ. ಹೇಳುವಾಗಲೇ ಅವನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು. ಅವಳು ಕೇಳಿಸಿಕೊಂಡಳು. ನನಗ್ಯಾಕೆ ಹೇಳಲಿಲ್ಲ ಅಂತ ಜಗಳ ತೆಗೆಯುತ್ತಾಳೆ ಅಂದುಕೊಂಡಿದ್ದ, ತೆಗೆಯಲಿಲ್ಲ. ಆಗ ಅವನಿಗೆ ಒಂದು ಪ್ರಶ್ನೆ ಬಂತು, ಇಷ್ಟು ವರ್ಷ ಬಾರದೆ ಇದ್ದದ್ದು.

"ನಿನಗೂ ಹೀಗೇ ಆಗತ್ತಾ?"

"ನೀವು ಮೇಲೆ ಹೋಗೋ ದಿನವೆಲ್ಲ ಆಗತ್ತೆ."

"ಮತ್ತೆ ಹೇಗೆ ಇದ್ದೆ?"

"ಯಂತ್ರ ತುಳೀತಿದ್ದೆ. ಗಾಳಿ ಜೋರಾದಷ್ಟೂ ಜೋರಾಗಿ ತುಳೀತಿದ್ದೆ. ಅವತ್ತು ಹೊಲಿದಿದ್ದನ್ನೆಲ್ಲ ಮಾರನೇ ದಿನ ಕೂತು ಬಿಚ್ಚಬೇಕಾಗ್ತಿತ್ತು."

ಅವನಿಗೆ ಮಗಳ ಒಂದು ಹಳೆಯ ಚಿತ್ರಕಥೆ ನೆನಪಾಯಿತು. ಬಿರುಗಾಳಿಯ ದಿನ ಅಮ್ಮ ಹೆದರಿ ಹೆದರಿ ಗುಂಡುಸೂಜಿಯ ಅಂಗಿಯ ಎರಡೂ ತೋಳಿನ ಬಾಯಿ ಹೊಲಿದುಬಿಡುತ್ತಾಳೆ. ಹುಡುಗಿ ಕೈಯಿಲ್ಲದ ಗೊಂಬೆಯ ಹಾಗೆ ಶಾಲೆಗೆ ಹೋಗುತ್ತಾಳೆ. ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಅವತ್ತು ಅವಳೂ ನಕ್ಕಿದ್ದಳಾ ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮಗಳಿಗೆ ಹೇಳಿ ಅಂತ ಅವಳು ಅಂದಳು. ಹೇಳ್ತೀನಿ ಅಂದ. ಆದರೆ ಆ ವಾರ ಮಗಳೇ ಕುಣಿಯುತ್ತ ಬಂದಳು. ಪತ್ರಿಕೆಯವರು ತಮ್ಮ ಕಚೇರಿಯ ಎತ್ತರದ ಗೋಡೆಯ ಮೇಲೆ ಗುಂಡುಸೂಜಿಯ ಮನೆಮಂದಿಯನ್ನು ದೊಡ್ಡದಾಗಿ ಬರೆಸಲು ತೀರ್ಮಾನಿಸಿದ್ದರು. ಚಿತ್ರ ಬರೆಯುವವಳು ಅವಳು. ತೊಟ್ಟಿಲು ಅಪ್ಪನ ಕಂಪನಿಯದು. ತೊಟ್ಟಿಲು ನಡೆಸುವವನು ಅಪ್ಪನೇ ಆಗಬೇಕು ಅನ್ನುವುದು ಸಂಪಾದಕರ ಆಸೆ. ಫೋಟೋ ತೆಗೆಯುತ್ತಾರಂತೆ, ಶಾಲೆಯ ಮಕ್ಕಳು ಬರುತ್ತಾರಂತೆ. ಅಪ್ಪನನ್ನು ಕೇಳಬೇಕಲ್ಲ ಅಂತ ಸಂಪಾದಕರು ಅಂದಾಗ ಇವಳು, ನಮ್ಮಪ್ಪ ಬೇಡ ಅಂತಾನಾ ಅಂತ ನಕ್ಕು ಒಪ್ಪಿಕೊಂಡೇ ಬಂದಿದ್ದಳು.

ಹೆಂಡತಿ ಒಲೆಯ ಹತ್ತಿರದಿಂದ ಅವನ ಮುಖ ನೋಡಿದಳು. ಅವನು ಬಾಯಿ ತೆರೆದ. ಮಗಳ ಕಣ್ಣು ಎದುರಿಗಿತ್ತು. ಛಾವಣಿಯ ಮೇಲೆ ಹೆಗಲಿನಿಂದ ಬಾಗಿ ಅವನನ್ನು ನೋಡುತ್ತಿದ್ದ ಅದೇ ಕಣ್ಣು. ಅವನ ಬಾಯಿಂದ ಬಂದದ್ದು, "ಮೇಲೆ ಹೋಗೋಕೆ ಬೆಲ್ಟು ಹೊಸದು ಕೊಡಿಸಬೇಕು ನಿನಗೆ" ಅನ್ನುವ ಮಾತು.

ಆಮೇಲಿನ ದಿನಗಳಲ್ಲಿ ಅವನಿಗೆ ಅನ್ನ ಸೇರಲಿಲ್ಲ. ಭಯ ಅಂದರೆ ಎದೆ ಹೊಡೆದುಕೊಳ್ಳುವುದು ಮಾತ್ರ ಅಂತ ತಿಳಿದಿದ್ದ. ಅದು ಸುಮ್ಮನೆ ಕೂತಾಗಲೂ ಪಕ್ಕದಲ್ಲಿ ಬಂದು ಕೂರುತ್ತದೆ, ಹಲ್ಲುಜ್ಜುವಾಗ ಕನ್ನಡಿಯಲ್ಲಿ ಇಣುಕುತ್ತದೆ, ಯಾರೋ ಎತ್ತಿಟ್ಟ ಬಕೆಟ್ಟಿನ ಸದ್ದಿಗೆ ಕುತ್ತಿಗೆ ಹಿಡಿಯುತ್ತದೆ ಅನ್ನುವುದು ಈಗ ಗೊತ್ತಾಯಿತು. ಮಳೆ ಬರಲಿ ಅಂತ ಹರಕೆ ಹೊತ್ತವನ ಹಾಗೆ ಆಕಾಶ ನೋಡಿದ. ಆ ದಿನ ಬೆಳಿಗ್ಗೆ ಮೋಡದ ಚೂರೂ ಇರಲಿಲ್ಲ.

ಪತ್ರಿಕೆಯ ಕಚೇರಿಯ ಮುಂದೆ ಜನ ಸೇರಿತ್ತು. ಮಕ್ಕಳು ತಮ್ಮ ತಮ್ಮ ಬಕೆಟ್ಟು ತಂದಿದ್ದರು. ಗಿಡ್ಡ ಛಾವಣಿಯ ಮೇಲೆ ಯಂತ್ರದ ಹತ್ತಿರ ನಿಂತ. ಹೆಂಡತಿ ಅಂಗಡಿಗೆ ರಜೆ ಹಾಕಿ ಬಂದು ಗುಂಪಿನ ಮುಂದೆಯೇ ನಿಂತಿದ್ದಳು. ಕೊನೆಗಳಿಗೆಯಲ್ಲಿ ಅವನ ತೋಳು ಹಿಡಿದು, ಈಗಲೂ ಬೇಡ ಅನ್ನಬಹುದು ಅಂತ ಮೆಲ್ಲಗೆ ಅಂದಳು. ಅವನು ತಲೆಯಾಡಿಸಿ ತೊಟ್ಟಿಲಿಗೆ ಹತ್ತಿದ. ಮಗಳ ಪಟ್ಟಿಯ ಕೊಕ್ಕೆಯನ್ನು ಹಾಕಿ, ಎಳೆದು ನೋಡಿ, ಮತ್ತೆ ಎಳೆದು ನೋಡಿದ. ಗುಂಡಿ ಒತ್ತಿದ.

ಮೊದಲ ಕೆಲವು ಅಂತಸ್ತು ಅವನು ಗೋಡೆಯನ್ನೇ ನೋಡುತ್ತ ಏರಿದ. ಗಾರೆಯ ಬಿರುಕು, ಹಕ್ಕಿಯ ಹಿಕ್ಕೆ, ಹಳೆಯ ಬಣ್ಣದ ಸಿಪ್ಪೆ. ಕೆಳಗಿನ ಗದ್ದಲ ತೆಳುವಾಯಿತು, ಗಾಳಿಯ ಸದ್ದು ದಪ್ಪವಾಯಿತು. ಅಷ್ಟರಲ್ಲಿ ಮಗಳು ಸೀಮೆಸುಣ್ಣ ಹಿಡಿದು, ಗುರುತು ಹಾಕಲು ಕಂಬಿಯಿಂದಾಚೆ ಬಾಗಿದಳು. ತೊಟ್ಟಿಲು ಒಂದಿಷ್ಟು ತೂಗಿತು. ಅಷ್ಟೇ ಸಾಕಾಯಿತು. ಅವನ ಕಣ್ಣಿಗೆ ಬಿದ್ದದ್ದು ಗೋಡೆಯಲ್ಲ, ಮಗಳ ಜಡೆಯ ತುದಿ, ಮತ್ತು ಅದರ ಆಚೆ ಏನೂ ಇಲ್ಲದ ಜಾಗ.

ಅವನ ಕೈ ಗುಂಡಿಯ ಪೆಟ್ಟಿಗೆಯಿಂದ ಜಾರಿ ಅವಳ ಬೆನ್ನಿನ ಪಟ್ಟಿಯನ್ನು ಹಿಡಿಯಿತು. ತೊಟ್ಟಿಲು ನಿಂತಿತು. ಅವನು ಹಾಗೇ ಕೆಳಗೆ ಕೂತುಬಿಟ್ಟ.

ಅಪ್ಪ ತಮಾಷೆ ಮಾಡುತ್ತಿದ್ದಾನೆ ಅಂತ ಮಗಳು ನಕ್ಕಳು. ಬಿಡಪ್ಪ, ಬರೆಯೋಕಾಗಲ್ಲ ಅಂದಳು. ಅವನು ಬಿಡಲಿಲ್ಲ. ತಿರುಗಿ ನೋಡಿದಾಗ ಅವಳ ನಗು ಹಾಗೇ ನಿಂತಿತು. ತೊಟ್ಟಿಲಿನ ತಗಡಿನ ಮೇಲೆ ಮುದುರಿ ಕೂತ ಈ ಮನುಷ್ಯನನ್ನು ಅವಳು ಯಾವತ್ತೂ ನೋಡಿರಲಿಲ್ಲ. ತುಟಿ ಬಿಳಿಚಿಕೊಂಡಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಕೆಳಗೆ ಹೋಗೋಣವಾ ಅಂತ ಕೇಳಿದಳು. ಯಾವ ಗುಂಡಿ ಒತ್ತಬೇಕು ಅಂತ ಕೇಳಿದಳು. ಅವನಿಗೆ ಗೊತ್ತಿತ್ತು, ನಿದ್ದೆಯಲ್ಲೂ ಗೊತ್ತಿತ್ತು, ಆದರೆ ನಾಲಿಗೆ ಮೇಲೇಳಲಿಲ್ಲ. ಆಗ ಅವಳಿಗೂ ಭಯವಾಯಿತು. ಬಾಲ್ಯದಲ್ಲಿ ಬಿಟ್ಟುಹೋಗಿದ್ದ ಭಯ ದಾರಿ ಮರೆತಿರಲಿಲ್ಲ. ಅವಳ ಕೈಯ ಸೀಮೆಸುಣ್ಣ ಮುರಿಯಿತು. ಅಪ್ಪನ ಪಕ್ಕದಲ್ಲೇ ಕುಸಿದು ಕೂತು, ಛಾವಣಿಯ ಕಡೆ ಮುಖ ಮಾಡಿ ಗಿಡ್ಡನನ್ನು ಕೂಗಿದಳು. ಗಾಳಿ ಕೂಗನ್ನು ಎತ್ತಿಕೊಂಡು ಹೋಯಿತು. ಮತ್ತೆ ಕೂಗಿದಳು, ಮತ್ತೆ. ಕೊನೆಗೆ ಮೇಲಿನ ಅಂಚಿನಲ್ಲಿ ಗಿಡ್ಡನ ತಲೆ ಕಾಣಿಸಿತು.

ಮೇಲಿನಿಂದಲೇ ಇಳಿಸುವ ಉಪಾಯ ಗಿಡ್ಡನಿಗೆ ಗೊತ್ತಿತ್ತು. ಇಬ್ಬರೂ ನಡುವೆ ಕೂತು ಅಲ್ಲಾಡದೆ ಇರಿ ಅಂತ ಸನ್ನೆ ಮಾಡಿದ. ತೊಟ್ಟಿಲು ಜಗ್ಗುತ್ತ ಜಗ್ಗುತ್ತ ಇಳಿಯತೊಡಗಿತು. ಒಂದೊಂದು ಜಗ್ಗಿಗೂ ಅಪ್ಪನ ಉಗುರು ಮಗಳ ಬೆನ್ನಿಗೆ ನಾಟುತ್ತಿತ್ತು. ಬಿಡು ಅಂತ ಅವಳು ಅನ್ನಲಿಲ್ಲ. ಇಳಿಯುವಷ್ಟು ಹೊತ್ತೂ ಅವನ ತಲೆಯಲ್ಲಿ ಒಂದೇ ಇತ್ತು: ಸದ್ದು ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ.

ನೆಲ ತಾಗಿತು. ಜನ ಸುತ್ತುವರಿದರು. ಕಂಪನಿಯ ಮ್ಯಾನೇಜರು ಎಲ್ಲರಿಗಿಂತ ಮುಂದೆ ಬಂದು, ಪತ್ರಿಕೆಯವರಿಗೆ ಕೇಳುವ ಹಾಗೆ, ಯಂತ್ರ ಕೈಕೊಟ್ಟಿರಬೇಕು, ಹಿಂದೆಯೂ ಒಮ್ಮೆ ವಾಲಿತ್ತಂತೆ, ಮೇಲಿರುವವನದೇ ಉಸ್ತುವಾರಿ, ಅವನನ್ನು ವಿಚಾರಿಸಿಕೊಳ್ಳುತ್ತೇನೆ ಅಂದರು. ಅದು ಹಲ್ಲಿಗೆ ತೆರೆದಿಟ್ಟ ಬಾಗಿಲು. ತಲೆಯಾಡಿಸಿದ್ದರೆ ಸಾಕಿತ್ತು, ಮರ್ಯಾದೆ ಉಳಿಯುತ್ತಿತ್ತು. ಗಿಡ್ಡ ಛಾವಣಿಯಿಂದ ಮೆಟ್ಟಿಲಿಳಿದು ಓಡಿಬಂದು, ಏದುಸಿರು ಬಿಡುತ್ತ, ಅಣ್ಣ ಏನಾಯ್ತಣ್ಣ ಅಂತ ಬಗ್ಗಿ ನೋಡುತ್ತಿದ್ದ.

ಹಲ್ಲಿ ಎದ್ದು ನಿಲ್ಲಲು ನೋಡಿದ, ಆಗಲಿಲ್ಲ. ಕೂತಲ್ಲಿಂದಲೇ ಹೇಳಿದ.

"ಯಂತ್ರ ಸರಿಯಾಗಿದೆ. ನನಗೆ ಭಯ ಆಯ್ತು."

ಮ್ಯಾನೇಜರಿಗೆ ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಹೇಳಿದ. "ತುಂಬ ದಿನದಿಂದ ಇದೆ. ಮಂಡಿನೋವು ಅಂದದ್ದು ಸುಳ್ಳು. ಗಿಡ್ಡನದು ಏನೂ ತಪ್ಪಿಲ್ಲ."

ಒಂದು ಮಗು ತನ್ನ ಬಕೆಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು. ಛಾಯಾಗ್ರಾಹಕ ಕ್ಯಾಮೆರಾ ಇಳಿಸಿದ. ಹೆಂಡತಿ ಗುಂಪು ಸೀಳಿಕೊಂಡು ಬಂದು, ಒಂದು ಕೈ ಅವನ ಕಂಕುಳಿಗೆ, ಇನ್ನೊಂದು ಮಗಳ ಕಂಕುಳಿಗೆ ಕೊಟ್ಟು ಎಬ್ಬಿಸಿ, ದಾರಿ ಬಿಡಿ ಅಂತ ಎಲ್ಲರನ್ನೂ ಸರಿಸಿ ಮನೆಗೆ ಕರೆದುಕೊಂಡು ಹೋದಳು.

ಕಂಪನಿ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಹಗ್ಗ, ಕೊಕ್ಕೆ, ಪಟ್ಟಿಗಳ ಉಗ್ರಾಣಕ್ಕೆ ಹಾಕಿತು. ನೆಲಮಾಳಿಗೆಯ ಕೋಣೆ, ಕಿಟಕಿಯೇ ಇಲ್ಲ. ಹುಡುಗರು ಮೊದಮೊದಲು ಹಿಂದಿನಿಂದ ಲೊಚಗುಟ್ಟಿ ನಗುತ್ತಿದ್ದರು. ಗಿಡ್ಡ ಒಬ್ಬನ ಕಿವಿ ಹಿಂಡಿದ ಮೇಲೆ ಅದು ನಿಂತಿತು. ಬೀದಿಯಲ್ಲಿ ಬೆನ್ನು ತಟ್ಟುವವರು ಕಡಿಮೆಯಾದರು. ಅವನಿಗೆ ನಾಚಿಕೆಯಾಗುತ್ತಿತ್ತು, ಸುಳ್ಳಲ್ಲ. ಆದರೆ ಗೊತ್ತಾಗಿಬಿಟ್ಟರೆ ಅನ್ನುವ ಭಯವಂತೂ ಹೋಗಿತ್ತು, ಗೊತ್ತಾಗಿತ್ತಲ್ಲ.

ಮಗಳಿಗೆ ಕೆಲವು ವಾರ ಗುಂಡುಸೂಜಿಯನ್ನು ಬರೆಯಲಾಗಲಿಲ್ಲ. ಕೊನೆಯ ಚೌಕಕ್ಕೆ ಬಂದಾಗ ಕಿಟಕಿ ಬರೆದು ಕೈ ನಿಲ್ಲುತ್ತಿತ್ತಂತೆ. ಒಂದು ಮಧ್ಯಾಹ್ನ ಅಮ್ಮನ ಅಂಗಡಿಗೆ ಹೋಗಿ, ಇಸ್ತ್ರಿಯ ಹಬೆಯ ಮಧ್ಯೆ ಸ್ಟೂಲಿನ ಮೇಲೆ ಕೂತಳು. ಅಮ್ಮ ಹೊಲಿಯುತ್ತಲೇ ಇದ್ದಳು. ಅಪ್ಪ ಮೇಲಿದ್ದಾಗ ನೀನು ಇಲ್ಲಿ ಕೂತು ಏನು ಮಾಡ್ತಿದ್ದೆ ಅಂತ ಮಗಳು ಕೇಳಿದಳು. ಅಮ್ಮ ಹೇಳಿದಳು. ಬಾಗಿಲಲ್ಲಿ ನಿಂತು ಹೆದರುವ ಹೆಂಗಸನ್ನು ಇಷ್ಟು ವರ್ಷ ಬರೆದವಳು, ಅವಳು ಬಾಗಿಲು ಹಾಕಿಕೊಂಡ ಮೇಲೆ ಏನು ಮಾಡುತ್ತಾಳೆ ಅಂತ ಕೇಳಿದ್ದು ಅದೇ ಮೊದಲು.

ಆಮೇಲೆ ಬಂದ ಚಿತ್ರಕಥೆಯಲ್ಲಿ ಗುಂಡುಸೂಜಿ ಇರಲೇ ಇಲ್ಲ. ನಾಲ್ಕೂ ಚೌಕದಲ್ಲಿ ಅಮ್ಮ, ಹೊಲಿಗೆ ಯಂತ್ರ, ಹೊರಗೆ ಗಾಳಿ. ಒಂದು ಮಾತಿಲ್ಲ. ಓದುಗರು ಇದರಲ್ಲಿ ನಗು ಎಲ್ಲಿದೆ ಅಂತ ಪತ್ರಿಕೆಗೆ ಫೋನ್ ಮಾಡಿದರು. ಅಪ್ಪ ಅದನ್ನು ಬಹಳ ಹೊತ್ತು ನೋಡಿ ಮಡಿಸಿಟ್ಟ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, ನನ್ನ ಮೂಗು ಇಷ್ಟುದ್ದ ಎಲ್ಲಿದೆ ಅಂದಳು.

ಗೋಡೆಯ ಕೆಲಸ ನಿಂತಿರಲಿಲ್ಲ. ಬಿಸಿಲು ಕಡಿಮೆಯಾದ ಮೇಲೆ ಮಗಳು ಮತ್ತೆ ತೊಟ್ಟಿಲು ಹತ್ತುವ ದಿನ ಬಂತು, ಈ ಸಲ ಗಿಡ್ಡನ ಜೊತೆ. ಬೇಡಮ್ಮ ಅಂತ ಅಪ್ಪನಿಗೆ ಹೇಳಬೇಕೆನಿಸಿತು. ಬದಲಿಗೆ ಉಗ್ರಾಣದಲ್ಲಿದ್ದ ಒಳ್ಳೆಯ ಪಟ್ಟಿಯನ್ನು ತಾನೇ ತಂದು ಅವಳ ಸೊಂಟಕ್ಕೆ ಬಿಗಿದ. "ನನಗೂ ಭಯ ಇದೆಯಪ್ಪ," ಅಂದಳು ಅವಳು. "ನಿಧಾನಕ್ಕೆ ಹೋಗ್ತೀನಿ."

ತೊಟ್ಟಿಲು ಏರಿತು. ಅವನು ರಸ್ತೆಯಾಚೆ ಹೆಂಡತಿಯ ಪಕ್ಕ ನಿಂತಿದ್ದ. ಮೇಲೆ ನೋಡಿದರೆ ತಲೆ ತಿರುಗುತ್ತಿತ್ತು, ನೋಡದಿದ್ದರೆ ಜೀವ ಹೋಗುತ್ತಿತ್ತು. ತೊಟ್ಟಿಲಲ್ಲಿದ್ದಾಗ ಕೈಯಲ್ಲಿ ಗುಂಡಿಯಾದರೂ ಇತ್ತು. ಇಲ್ಲಿ ಕೈಯಲ್ಲಿ ಏನೂ ಇಲ್ಲ. ಇಷ್ಟು ವರ್ಷ ಇವಳು ನಿಂತದ್ದು ಇಲ್ಲಿ.

"ಇನ್ನೂ ಎಷ್ಟು ಹೊತ್ತಾಗತ್ತೆ?" ಅಂತ ಕೇಳಿದ.

ಅವಳು ಅವನ ಮೊಣಕೈ ಹಿಡಿದು ರಸ್ತೆಯ ಬದಿಯ ಟೀ ಅಂಗಡಿಯ ಬೆಂಚಿನ ಮೇಲೆ, ಗೋಡೆಗೆ ಬೆನ್ನು ಮಾಡಿ ಕೂರಿಸಿದಳು. ಕೈಚೀಲದಿಂದ ಯಾರದೋ ಅಂಗಿ ತೆಗೆದು, ಸೂಜಿ ದಾರ ಕೊಟ್ಟು, ಗುಂಡಿ ಬಿದ್ದುಹೋದ ಜಾಗ ತೋರಿಸಿದಳು. ಅವನು ಸೂಜಿಗೆ ದಾರ ಪೋಣಿಸಲು ಹೋದ. ದಾರ ತಪ್ಪಿತು. ಇನ್ನೊಮ್ಮೆ ಪೋಣಿಸಿದ. ಬೆನ್ನ ಹಿಂದೆ ಯಂತ್ರ ನಿಂತಿತು, ಮತ್ತೆ ಶುರುವಾಯಿತು. ಮಗಳು ಇಳಿದು ಬಂದು ಬಣ್ಣದ ಕೈಯಲ್ಲಿ ಅವನ ಹೆಗಲು ಮುಟ್ಟುವ ಹೊತ್ತಿಗೆ ಅವನು ಗುಂಡಿಯನ್ನು ಅಂಗಿಗೂ ಸೇರಿಸಿ ತನ್ನ ಪ್ಯಾಂಟಿಗೂ ಸೇರಿಸಿ ಹೊಲಿದುಬಿಟ್ಟಿದ್ದ.